ಅಪ್ಪನ ಡ್ರೈವಿಂಗ್ ಬಗ್ಗೆ ದಿಗಿಲಾಗಿದೆಯಾ? ಕಣ್ಣಿನಿಂದ ಶುರು ಮಾಡಿ

ಹಾಸನದ ನಮ್ಮ ಮನೆಯ ಗೇಟಿಗೆ ಎರಡು ಕಲ್ಲಿನ ಕಂಬಗಳಿವೆ. ಮೂವತ್ತು ವರ್ಷದಿಂದ ಅಲ್ಲೇ ನಿಂತಿವೆ. ಕಳೆದ ವರ್ಷ ಒಂದು ಸಂಜೆ ತೋಟದಿಂದ ಬಂದ ಅಪ್ಪ, ಕಾರನ್ನು ಒಳಗೆ ತರುವಾಗ ಎಡಗಡೆ ಕಂಬಕ್ಕೆ ಉಜ್ಜಿಸಿಬಿಟ್ಟರು. ಮುಂದಿನ ಬಾಗಿಲಿಂದ ಹಿಂದಿನ ಚಕ್ರದವರೆಗೆ ಒಂದೇ ಗೀರು. ಅಮ್ಮ ಫೋನ್ ಮಾಡಿ ಹೇಳಿದರು. ಅಪ್ಪ ಮಾತ್ರ ಬಾಯಿ ಬಿಡಲಿಲ್ಲ.

ಶನಿವಾರ ಊರಿಗೆ ಹೋದವನು ನಿಧಾನಕ್ಕೆ ಕೇಳಿದೆ, "ಕಣ್ಣು ತೋರಿಸೋಣ್ವಾ ಅಪ್ಪ?"

"ಹೋದ ತಿಂಗಳು ತಾನೇ ಕನ್ನಡಕದ ಅಂಗಡೀಲಿ ಕೊನೇ ಸಾಲಿನವರೆಗೂ ಓದಿದೀನಿ ಕಣೋ. ಕಣ್ಣಿಗೇನಾಗಿದೆ?"

ಸುಳ್ಳಲ್ಲ, ಓದಿದ್ದರು. ಅವರಿಗೆ 71. ಆದರೆ ಅಂಗಡಿಯ ಬೋರ್ಡು ಓದುವುದೇ ಬೇರೆ, ಕತ್ತಲಾಗುವ ಹೊತ್ತಲ್ಲಿ ರಸ್ತೆ ಓದುವುದೇ ಬೇರೆ. ಬೋರ್ಡಿನಲ್ಲಿ ಬಿಳಿಯ ಮೇಲೆ ಕಪ್ಪು ಅಕ್ಷರ. ಹಿಂದೆ ದೀಪ. ಅಕ್ಷರ ಅಲ್ಲಾಡುವುದಿಲ್ಲ, ಪಕ್ಕದಿಂದ ಓಡಿ ಬರುವುದಿಲ್ಲ, ಹೈ ಬೀಮ್ ಹಾಕಿಕೊಂಡು ಎದುರಿಗೂ ಬರುವುದಿಲ್ಲ. ಬೇಕಾದಷ್ಟು ಹೊತ್ತು ದಿಟ್ಟಿಸಿ ನೋಡಬಹುದು. ರಸ್ತೆಯಲ್ಲಿ ಬೂದು ಟಾರಿನ ಮೇಲೆ ಬೂದು ಹಂಪ್, ಬೂದು ಶಾಲು ಹೊದ್ದ ಅಜ್ಜ, ಎಡಗಡೆಯಿಂದ ನುಗ್ಗುವ ಸ್ಕೂಟರ್. ನೋಡಲು ಸಿಗುವುದು ಅರೆ ಸೆಕೆಂಡು.

ವಯಸ್ಸಾದವರ ಡ್ರೈವಿಂಗ್ ಮತ್ತು ದೃಷ್ಟಿಯ ಮೇಲೆ ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಮೂರು ದಶಕಕ್ಕೂ ಜಾಸ್ತಿ ಕೆಲಸ ನಡೆದಿದೆ. ಅದನ್ನು ಓದಿಕೊಂಡು, ನಮ್ಮ ಮನೆಯಲ್ಲಿ ಮಾಡಿ ನೋಡಿದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಕಾರಿನ ಕೀ ಬಚ್ಚಿಡಬೇಕಾ ಬೇಡವಾ ಅಂತ ಒದ್ದಾಡುವ ಮಕ್ಕಳಿಗೆ ಮತ್ತು ಖುದ್ದು ಓಡಿಸುವ ಹಿರಿಯರಿಗೆ ಇದು.

1. ಮಾತಾಡುವ ಮೊದಲು ಪಕ್ಕದಲ್ಲಿ ಕೂರಿ

"ನಿಮಗೆ ವಯಸ್ಸಾಯ್ತು, ಇನ್ನು ಸಾಕು" ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯಿತು. ಮೊದಲು ಎರಡು ಸಲ ಅವರ ಜೊತೆ ಕಾರಲ್ಲಿ ಹೋಗಿ. ಒಂದು ಸಲ ಹಗಲಲ್ಲಿ, ಇನ್ನೊಂದು ಸಲ ಸೂರ್ಯ ಮುಳುಗುವ ಹೊತ್ತಿಗೆ. ನೆಪ ಏನಾದರೂ ಇರಲಿ, ತರಕಾರಿಯೋ ದೇವಸ್ಥಾನವೋ. ತಪ್ಪು ಹಿಡಿಯಬೇಡಿ, "ಅಯ್ಯೋ" ಅನ್ನಬೇಡಿ. ಸುಮ್ನೆ ನೋಡಿ.

ನಾನು ನೋಡಿದ್ದು ಇಷ್ಟು. ಹಗಲಲ್ಲಿ ಅಪ್ಪ ನನಗಿಂತ ಚೆನ್ನಾಗಿ ಓಡಿಸುತ್ತಾರೆ. ಆರೂವರೆ ಆಗುತ್ತಿದ್ದಂತೆ ಎದೆ ಸ್ಟೀರಿಂಗಿಗೆ ಹತ್ತಿರವಾಗುತ್ತದೆ, ಕತ್ತು ಮುಂದೆ ಚಾಚುತ್ತದೆ. ಹಂಪ್ ಮೇಲೆ ಹತ್ತಿದ ಮೇಲೆ ಬ್ರೇಕು. ಎದುರು ಗಾಡಿಯ ಲೈಟು ದಾಟಿಹೋದ ಮೇಲೂ ಎರಡು ಮೂರು ಸೆಕೆಂಡು ಅವರು ರಸ್ತೆಯನ್ನು ನೋಡುತ್ತಿರಲಿಲ್ಲ, ಅಂದಾಜು ಮಾಡುತ್ತಿದ್ದರು. ಎಡಗಡೆ ನಡೆದು ಹೋಗುತ್ತಿದ್ದವರನ್ನು ನಾನು ಮೊದಲು ನೋಡುತ್ತಿದ್ದೆ, ಅವರು ಆಮೇಲೆ.

ಸರ್ಕಲ್‌ನಲ್ಲಿ ಬಲಕ್ಕೆ ತಿರುಗುವುದನ್ನು ವಿಶೇಷವಾಗಿ ಗಮನಿಸಿ. ಕುಡಿದು ಓಡಿಸುವುದು, ಸ್ಪೀಡು, ಇವು ಹಿರಿಯರ ಅಪಘಾತಗಳಲ್ಲಿ ಕಡಿಮೆ. ಅವರು ಎಡವುವುದು ಜಂಕ್ಷನ್‌ನಲ್ಲಿ, ಎದುರಿಂದ ಬರುವ ಗಾಡಿಗಳ ಮಧ್ಯೆ ತಿರುಗುವಾಗ. ಅಮೆರಿಕದಲ್ಲಿ ರಸ್ತೆಯ ಬಲಗಡೆ ಓಡಿಸುವುದರಿಂದ ಅಲ್ಲಿಯ ಪುಸ್ತಕಗಳಲ್ಲಿ ಇದು ಎಡ ತಿರುವು ಅಂತ ಇರುತ್ತದೆ, ನಮಗೆ ಬಲ ತಿರುವು. ಎದುರು ಗಾಡಿ ಎಷ್ಟು ದೂರದಲ್ಲಿದೆ, ಎಷ್ಟು ಜೋರಾಗಿ ಬರುತ್ತಿದೆ, ಪಕ್ಕದಲ್ಲಿ ಯಾರಾದರೂ ದಾಟುತ್ತಿದ್ದಾರಾ, ಇಷ್ಟನ್ನೂ ಒಟ್ಟಿಗೆ ಲೆಕ್ಕ ಹಾಕಬೇಕಲ್ವಾ.

2. 25 ಮೀಟರಿನ ಪರೀಕ್ಷೆ ಮನೆ ಮುಂದೆಯೇ ಮಾಡಿ

ಡಿಎಲ್‌ಗೆ ಅರ್ಜಿ ಹಾಕುವಾಗ ಫಾರಂ 1 ಅಂತ ಒಂದಕ್ಕೆ ಸಹಿ ಮಾಡಿರುತ್ತೀರಿ. ಯಾರೂ ಓದಿರುವುದಿಲ್ಲ. ಅದರಲ್ಲಿ ಒಂದು ಪ್ರಶ್ನೆ ಇದೆ: ಒಳ್ಳೆಯ ಹಗಲು ಬೆಳಕಿನಲ್ಲಿ, ಕನ್ನಡಕ ಇದ್ದರೆ ಹಾಕಿಕೊಂಡು, 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಕಾಣುತ್ತದೆಯೇ? ಕೆಂಪು, ಹಸಿರು ಗುರುತಿಸುತ್ತೀರಾ, ಇರುಳುಗಣ್ಣು ಇದೆಯಾ ಅಂತಲೂ ಕೇಳುತ್ತದೆ. ಎಲ್ಲರೂ ಟಿಕ್ ಹಾಕಿ ಕೊಡುತ್ತೇವೆ.

ಈಗ ನಿಜವಾಗಿ ಮಾಡಿ. 25 ಮೀಟರ್ ಅಂದರೆ ಎರಡು ಬಸ್ಸು ಒಂದರ ಹಿಂದೆ ಒಂದು ನಿಂತಷ್ಟು ದೂರ. ಸಾಧಾರಣ ಹೆಜ್ಜೆಯಲ್ಲಿ 33, 34 ಆಗುತ್ತದೆ. ಗೊತ್ತಿಲ್ಲದ ಕಾರಿನ ನಂಬರ್ ಓದಿಸಿ. ನಮ್ಮದೇ ಕಾರಾದರೆ ಬಾಯಿಪಾಠ ಇರುತ್ತದೆ. ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು. ಎಷ್ಟೋ ಜನರಿಗೆ ಒಂದು ಕಣ್ಣು ಮಸುಕಾಗಿರುವುದು ಗೊತ್ತಾಗುವುದೇ ಹೀಗೆ, ಏಕೆಂದರೆ ಇನ್ನೊಂದು ಕಣ್ಣು ಅದನ್ನು ಮುಚ್ಚಿಡುತ್ತಿರುತ್ತದೆ. ಇದನ್ನೇ ಸಂಜೆ ಆರೂವರೆಗೆ ಇನ್ನೊಮ್ಮೆ ಮಾಡಿ. ಕಾನೂನು ಅದನ್ನು ಕೇಳುವುದಿಲ್ಲ, ರಸ್ತೆ ಕೇಳುತ್ತದೆ.

ಬ್ರಿಟನ್ನಿನಲ್ಲೂ ಇದೇ ಥರ ನಂಬರ್ ಪ್ಲೇಟ್ ಪರೀಕ್ಷೆ ಇದೆ, ಅಲ್ಲಿ 20 ಮೀಟರ್. 70 ತುಂಬಿದ ಮೇಲೆ ಅಲ್ಲಿ ಮೂರು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಿಸಬೇಕು.

3. ಕನ್ನಡಕದ ಅಂಗಡಿಯಲ್ಲ, ಕಣ್ಣಿನ ಡಾಕ್ಟರ್

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಅಸಲು ವಿಷಯ ಇಲ್ಲೇ ಇದೆ.

ವಯಸ್ಸಾದಂತೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಒಳಗಿನ ಮಸೂರ ಹಳದಿಯಾಗುತ್ತದೆ. 20ರ ಪ್ರಾಯದಲ್ಲಿ ಕಣ್ಣಿನ ಹಿಂಪರದೆಗೆ ಎಷ್ಟು ಬೆಳಕು ತಲುಪುತ್ತಿತ್ತೋ, 60ಕ್ಕೆ ಅದರ ಮೂರನೇ ಒಂದು ಭಾಗ ತಲುಪಿದರೆ ಹೆಚ್ಚು. ಹಾಗಾಗಿ ಸಂಜೆಯ ಹೊತ್ತು ಮಗನಿಗೂ ಅಪ್ಪನಿಗೂ ಒಂದೇ ರಸ್ತೆ ಕಾಣುತ್ತಿರುವುದಿಲ್ಲ.

ಎರಡನೆಯದು ಕಾಂಟ್ರಾಸ್ಟ್. ಬಾಳೆ ಎಲೆ ಮೇಲೆ ಇಡ್ಲಿ ಇಟ್ಟರೆ ಎಲ್ಲರಿಗೂ ಕಾಣುತ್ತದೆ. ಬಿಳಿ ಪಿಂಗಾಣಿ ತಟ್ಟೆಯಲ್ಲಿ ಇಡ್ಲಿ, ಅದರ ಪಕ್ಕ ಕಾಯಿ ಚಟ್ನಿ ಇಟ್ಟು ಲೈಟು ಮಂದ ಮಾಡಿ ನೋಡಿ. ಬಣ್ಣಕ್ಕೆ ಬಣ್ಣ ಬೆರೆತಾಗ ಅಂಚು ಗುರುತಿಸುವ ಶಕ್ತಿ ಅದು. ಅಂಗಡಿಯ ಬೋರ್ಡು ಇದನ್ನು ಅಳೆಯುವುದೇ ಇಲ್ಲ. ಅಳೆಯಲು ಬೇರೆ ಚಾರ್ಟ್ ಇದೆ. ಪೆಲ್ಲಿ–ರಾಬ್ಸನ್ ಚಾರ್ಟ್ ಅನ್ನುತ್ತಾರೆ, 1988ರಿಂದ ಬಳಕೆಯಲ್ಲಿದೆ. ಅದರಲ್ಲಿ ಅಕ್ಷರಗಳ ಗಾತ್ರ ಕೊನೆಯವರೆಗೂ ಒಂದೇ, ಕೆಳಗೆ ಹೋದಂತೆ ಬಣ್ಣ ಮಾತ್ರ ಮಾಸುತ್ತಾ ಹೋಗಿ ಕಾಗದದಲ್ಲಿ ಕರಗುತ್ತದೆ. ಅಪ್ಪನಿಗೆ ಡಾಕ್ಟರು ಇದನ್ನು ತೋರಿಸಿದಾಗ ನಾನೂ ಪಕ್ಕದಲ್ಲಿದ್ದೆ. ಅವರು ಒಂದು ಕಡೆ ನಿಂತು, "ಇದರ ಕೆಳಗೆ ಏನೂ ಬರೆದಿಲ್ವಲ್ಲ" ಅಂದರು. ಅದರ ಕೆಳಗೆ ಇನ್ನೂ ಎರಡು ಸಾಲಿದ್ದವು, ನನಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ನಾನು ಓದಿ ಹೇಳಿದೆ. ಅಪ್ಪ ಚಾರ್ಟನ್ನೂ ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ಕಾರಿನ ವಿಷಯದಲ್ಲಿ ವಾದ ಮಾಡಲಿಲ್ಲ.

ಡಾಕ್ಟರ್ ಹತ್ತಿರ ಬಾಯಿ ಬಿಟ್ಟು ಹೇಳಿ: "ಕಾರು ಓಡಿಸುತ್ತೇನೆ, ಸಂಜೆ ಕಷ್ಟ ಆಗುತ್ತಿದೆ." ಹಾಗೆ ಹೇಳದಿದ್ದರೆ ನಂಬರ್ ನೋಡಿ ಕಳಿಸುತ್ತಾರೆ. ಹೇಳಿದರೆ ಪೊರೆ ಇದೆಯಾ, ಕಣ್ಣಿನ ಒತ್ತಡ ಎಷ್ಟು, ಸಕ್ಕರೆ ಕಾಯಿಲೆಯಿಂದ ಹಿಂಪರದೆಗೆ ಏನಾದರೂ ಆಗಿದೆಯಾ ಎಲ್ಲವನ್ನೂ ನೋಡುತ್ತಾರೆ. ಗ್ಲಾಕೋಮಾದ ಅನುಮಾನ ಇದ್ದರೆ ಫೀಲ್ಡ್ ಟೆಸ್ಟ್, ಅಂದರೆ ಸುತ್ತಲಿನ ನೋಟ ಎಷ್ಟಿದೆ ಅಂತ ಅಳೆಯುವ ಪರೀಕ್ಷೆ, ಮಾಡಿಸಿ ಅನ್ನುತ್ತಾರೆ, ತಪ್ಪಿಸಬೇಡಿ. ಗ್ಲಾಕೋಮಾ ನೋವು ಕೊಡದೆ ಪಕ್ಕದ ನೋಟವನ್ನು ತಿನ್ನುತ್ತಾ ಬರುತ್ತದೆ, ನೇರ ನೋಟ ಕೊನೆಯವರೆಗೂ ಚೆನ್ನಾಗೇ ಇರುತ್ತದೆ.

ಒಂದು ಮಾತು: ಪಾಪೆ ದೊಡ್ಡದು ಮಾಡಲು ಹನಿ ಹಾಕಿದರೆ ಕೆಲವು ಗಂಟೆ ಕಣ್ಣು ಮಂಜು. ಆ ದಿನ ಆಟೋದಲ್ಲಿ ಹೋಗಿ ಬನ್ನಿ.

4. ಪೊರೆ ಇದ್ದರೆ ಮುಂದೂಡಬೇಡಿ

"ಪೊರೆ ಇನ್ನೂ ಬಲಿಯಬೇಕು" ಅನ್ನುವುದು ಹಳೆ ಕಾಲದ ಮಾತು. ಡಾ. ಎಂ.ಸಿ. ಮೋದಿಯವರು ಊರೂರಲ್ಲಿ ಕ್ಯಾಂಪ್ ಹಾಕಿ, ಕಣ್ಣು ಕೊಟ್ಟ ಅಣ್ಣ ಅನ್ನಿಸಿಕೊಂಡಿದ್ದ ಕಾಲದಲ್ಲಿ ಜನ ಪೂರ್ತಿ ಕುರುಡಾಗುವ ಹಂತಕ್ಕೆ ಬಂದ ಮೇಲೆ ಆಪರೇಷನ್‌ಗೆ ಹೋಗುತ್ತಿದ್ದರು. ಈಗಿನ ಪದ್ಧತಿಗೆ ಪೊರೆ ಬಲಿಯುವುದು ಬೇಕಿಲ್ಲ. ದಿನದ ಕೆಲಸಕ್ಕೆ ತೊಂದರೆ ಆಗುತ್ತಿದೆಯಾ ಅನ್ನುವುದೇ ಪ್ರಶ್ನೆ, ಡ್ರೈವಿಂಗ್ ಕೂಡ ದಿನದ ಕೆಲಸವೇ.

ಅಮೆರಿಕದ ಬರ್ಮಿಂಗ್‌ಹ್ಯಾಮ್‌ನ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಸಿಂಥಿಯಾ ಔಸ್ಲಿ ಮತ್ತು ಅವರ ಜೊತೆಯವರು ಪೊರೆ ಇದ್ದ 277 ಜನರನ್ನು ಹಲವು ವರ್ಷ ಹಿಂಬಾಲಿಸಿದರು. ಎಲ್ಲರೂ 55ರಿಂದ 84ರ ಒಳಗಿನವರು. 2002ರಲ್ಲಿ ಪ್ರಕಟವಾದ ಫಲಿತಾಂಶ: ಆಪರೇಷನ್ ಮಾಡಿಸಿಕೊಂಡವರ ಅಪಘಾತದ ಪ್ರಮಾಣ, ಮಾಡಿಸಿಕೊಳ್ಳದವರ ಪ್ರಮಾಣದ ಹೆಚ್ಚು ಕಡಿಮೆ ಅರ್ಧ. ಮಾಡಿಸಿಕೊಳ್ಳುವುದೋ ಬಿಡುವುದೋ ಅಂತ ಅವರವರೇ ತೀರ್ಮಾನಿಸಿದ್ದರು, ಚೀಟಿ ಎತ್ತಿ ಹಂಚಿದ್ದಲ್ಲ. ಆದ್ದರಿಂದ ಪೂರ್ತಿ ಪುಣ್ಯ ಆಪರೇಷನ್‌ಗೇ ಕೊಡಲಾಗದು. ಆದರೂ ಅರ್ಧ ಅಂದರೆ ಸಣ್ಣ ಮಾತಲ್ಲ. ಒಂದೇ ಕಣ್ಣಲ್ಲಿ ಪೊರೆಯಿಂದ ಕಾಂಟ್ರಾಸ್ಟ್ ತೀರಾ ಕುಗ್ಗಿದ್ದರೂ ಅಪಾಯ ಏರುತ್ತದೆ ಅಂತ ಅದೇ ತಂಡ ಅದಕ್ಕೆ ಮೊದಲೇ ತೋರಿಸಿತ್ತು.

ಖರ್ಚಿನ ಚಿಂತೆ ಇದ್ದರೆ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನಲ್ಲಿ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ. ಒಂದು ಕಣ್ಣು ಆಗಿ ಇನ್ನೊಂದು ಬಾಕಿ ಇರುವ ವಾರಗಳಲ್ಲಿ ಎರಡು ಕಣ್ಣಿನ ನೋಟಕ್ಕೆ ಹೊಂದಾಣಿಕೆ ಇರುವುದಿಲ್ಲ, ದೂರದ ಅಂದಾಜು ತಪ್ಪುತ್ತದೆ. ಡಾಕ್ಟರು ಸರಿ ಅನ್ನುವವರೆಗೆ ಕೀ ಗೋಡೆಯ ಮೊಳೆ ಮೇಲೇ ಇರಲಿ.

5. ಕಣ್ಣು ಸರಿ ಇದ್ದೂ ಕಾಣದಿದ್ದರೆ

ಕಣ್ಣು ನೋಡಿದ್ದನ್ನು ಮಿದುಳು ಹಿಡಿದುಕೊಳ್ಳಬೇಕು. ನೇರ ಮುಂದೆ ನೋಡುತ್ತಿರುವಾಗಲೇ ಪಕ್ಕದಲ್ಲಿ ಏನೋ ಮಿಂಚಿದ್ದು ಎಷ್ಟು ಬೇಗ, ಎಷ್ಟು ಅಗಲದವರೆಗೆ ಗೊತ್ತಾಗುತ್ತದೆ? ಇದನ್ನು ಅಳೆಯುವ ಕಂಪ್ಯೂಟರ್ ಪರೀಕ್ಷೆಯನ್ನು ಅಮೆರಿಕದ ಮನೋವಿಜ್ಞಾನಿ ಕಾರ್ಲೀನ್ ಬಾಲ್ ಮತ್ತು ಅವರ ಸಂಗಡಿಗರು ಬೆಳೆಸಿದರು. 'ಉಪಯೋಗಕ್ಕೆ ಬರುವ ನೋಟದ ಅಗಲ' ಅಂತ ಅದನ್ನು ಕರೆಯಬಹುದು. 1998ರ ಅಧ್ಯಯನದಲ್ಲಿ 55ರಿಂದ 87ರ 294 ಚಾಲಕರಿದ್ದರು. ಈ ಅಗಲ ಶೇ 40 ಅಥವಾ ಅದಕ್ಕಿಂತ ಹೆಚ್ಚು ಕುಗ್ಗಿದ್ದವರಿಗೆ ಮುಂದಿನ ಮೂರು ವರ್ಷದಲ್ಲಿ ಅಪಘಾತವಾಗುವ ಸಾಧ್ಯತೆ ಉಳಿದವರ 2.2 ಪಟ್ಟು.

ಮನೆಯಲ್ಲಿ ಇದಕ್ಕೆ ಯಂತ್ರ ಇಲ್ಲ. ಲಕ್ಷಣ ಇವೆ. "ಎಲ್ಲಿಂದ ಬಂದನೋ ಮಾರಾಯ!" ಅನ್ನುವ ಮಾತು ಕಾರಿನಲ್ಲಿ ಮತ್ತೆ ಮತ್ತೆ ಕೇಳಿಸಿದರೆ ಎಚ್ಚರವಾಗಿ. ಗೊತ್ತಿರುವ ದಾರಿಯೇ ತಪ್ಪಿದರೆ, ಮಾತಾಡುತ್ತಾ ಸಿಗ್ನಲ್ ಮರೆತರೆ, ಬ್ರೇಕು ಮತ್ತು ಆಕ್ಸಿಲರೇಟರ್ ಒಂದೇ ಒಂದು ಸಲ ಅದಲು ಬದಲಾದರೂ ಡಾಕ್ಟರಿಗೆ ಹೇಳಲೇಬೇಕು, ಅದು ಕಣ್ಣಿನ ಡಾಕ್ಟರ್ ಕೆಲಸವಲ್ಲ. ಜಪಾನಿನಲ್ಲಿ 75 ದಾಟಿದವರು ಲೈಸೆನ್ಸ್ ನವೀಕರಣಕ್ಕೆ ನೆನಪು ಮತ್ತು ಗ್ರಹಿಕೆಯ ಪರೀಕ್ಷೆ ಬರೆಯಬೇಕು. ಕೆಲವು ಬಗೆಯ ಟ್ರಾಫಿಕ್ ತಪ್ಪು ಮಾಡಿದ್ದರೆ 2022ರಿಂದ ಓಡಿಸಿಯೂ ತೋರಿಸಬೇಕು. ನಮ್ಮಲ್ಲಿ ಅದನ್ನು ಮನೆಯವರೇ ನೋಡಿಕೊಳ್ಳಬೇಕು.

6. ಕಾರನ್ನೂ ಒಮ್ಮೆ ನೋಡಿ

ಎಲ್ಲಾ ತಪ್ಪೂ ಕಣ್ಣಿನದಲ್ಲ. ಅಪ್ಪನ ಕಾರಿಗೆ ಹನ್ನೆರಡು ವರ್ಷ. ಹೆಡ್‌ಲೈಟಿನ ಮೇಲಿನ ಪ್ಲಾಸ್ಟಿಕ್ ಹಳೇ ಪಾನಕದ ಬಣ್ಣಕ್ಕೆ ತಿರುಗಿತ್ತು. ಹೀಗೆ ಮಂಜಾದ ಹೆಡ್‌ಲೈಟು ಹೊಸದರ ಐದನೇ ಒಂದು ಭಾಗದಷ್ಟೇ ಬೆಳಕು ಕೊಡಬಹುದು ಅಂತ ಅಮೆರಿಕದ ವಾಹನ ಮಾಲೀಕರ ಸಂಘ ಎಎಎ 2018ರಲ್ಲಿ ಅಳೆದು ಹೇಳಿತ್ತು. ಗ್ಯಾರೇಜಿನಲ್ಲಿ ಪಾಲಿಶ್ ಮಾಡಿಸಿದೆ, ಅರ್ಧ ಗಂಟೆಯ ಕೆಲಸ.

ಆಮೇಲೆ ಮುಂದಿನ ಗಾಜು, ಅದೂ ಒಳಗಡೆಯಿಂದ. ಒಂದು ತೆಳು ಪದರ ಕೂತಿರುತ್ತದೆ, ಹಗಲು ಕಾಣುವುದಿಲ್ಲ, ಎದುರು ಲೈಟ್ ಬಿದ್ದಾಗ ಇಡೀ ಗಾಜು ಬೆಳ್ಳಗಾಗುತ್ತದೆ. ಸೀಟು ಎತ್ತರಿಸಿ. ಕೂತಲ್ಲಿಂದ ಬಾನೆಟ್ಟಿನ ಅಂಚು ಕಾಣದಿದ್ದರೆ ಗಟ್ಟಿ ದಿಂಬು ಹಾಕಿ. ಡ್ಯಾಶ್‌ಬೋರ್ಡ್ ಮೇಲಿನ ಗಣಪನನ್ನು ಮೂಲೆಗೆ ಸರಿಸಿದರೆ ಅವನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕನ್ನಡಿಗೆ ನೇತು ಹಾಕಿದ ಹಾರ ಮಾತ್ರ ತೆಗೆಯಿರಿ, ಬಲ ತಿರುವಿನಲ್ಲಿ ಒಂದು ಇಡೀ ಸ್ಕೂಟರನ್ನು ಅದು ಮರೆಮಾಡುತ್ತದೆ.

"ರಾತ್ರಿ ಡ್ರೈವಿಂಗ್‌ಗೆ" ಅಂತ ಮಾರುವ ಹಳದಿ ಕನ್ನಡಕ ಕೊಳ್ಳಬೇಡಿ. ಬೋಸ್ಟನ್ನಿನ ಸ್ಕೆಪೆನ್ಸ್ ಕಣ್ಣಿನ ಸಂಶೋಧನಾ ಸಂಸ್ಥೆಯವರು ಡ್ರೈವಿಂಗ್ ಸಿಮ್ಯುಲೇಟರಿನಲ್ಲಿ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು: ಹಳದಿ ಗಾಜು ಹಾಕಿಕೊಂಡರೆ ರಾತ್ರಿ ಪಾದಚಾರಿಗಳು ಚೆನ್ನಾಗಿ ಕಾಣುವುದಿಲ್ಲ, ಸ್ವಲ್ಪ ಕೆಡುವುದೇ ಹೆಚ್ಚು. ಮೊದಲೇ ಕಡಿಮೆ ಇರುವ ಬೆಳಕನ್ನು ಇನ್ನಷ್ಟು ಸೋಸಿದರೆ ಇನ್ನೇನಾಗುತ್ತದೆ? ಮಾಮೂಲು ನಂಬರಿನ ಕನ್ನಡಕಕ್ಕೆ ಪ್ರತಿಫಲನ ತಡೆಯುವ ಕೋಟಿಂಗ್ ಹಾಕಿಸಿ, ಸಾಕು. ಎದುರು ಹೈ ಬೀಮ್ ಬಂದಾಗ ಅದನ್ನು ದಿಟ್ಟಿಸದೆ ರಸ್ತೆಯ ಎಡಗಡೆಯ ಬಿಳಿ ಗೆರೆ ಹಿಡಿದು ಹೋಗಿ. ಗೆರೆಯೇ ಇಲ್ಲದ ರಸ್ತೆಯಾದರೆ ನಿಧಾನ ಮಾಡುವುದೊಂದೇ ದಾರಿ.

7. ಹೊತ್ತು, ದಾರಿ, ಮಾತ್ರೆ

ಪೂರ್ತಿ ನಿಲ್ಲಿಸುವುದಕ್ಕೂ ಮೊದಲಿನ ಹಾಗೇ ಓಡಿಸುವುದಕ್ಕೂ ನಡುವೆ ಬೇಕಾದಷ್ಟು ಜಾಗ ಇದೆ. ಸಂಜೆ ಐದರ ಒಳಗೆ ಮನೆ ಸೇರುವುದು. ಮಳೆ ಇದ್ದರೆ ಬೇಡ. ಸಿಗ್ನಲ್ ಇಲ್ಲದ ಕಡೆ ಬಲಕ್ಕೆ ತಿರುಗುವ ಬದಲು ಇನ್ನೊಂದು ಫರ್ಲಾಂಗು ಮುಂದೆ ಹೋಗಿ ಸಿಗ್ನಲ್ ಇರುವಲ್ಲಿ ತಿರುಗುವುದು. ಮುಂದಿನ ಗಾಡಿಯಿಂದ ಅಂತರ ಜಾಸ್ತಿ ಬಿಡುವುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಬ್ರೇಕ್ ಒತ್ತುವುದು ಒಂದೇ ಸೆಕೆಂಡು ತಡವಾದರೂ ಅಷ್ಟರಲ್ಲಿ ಒಂದೂವರೆ ಬಸ್ಸಿನ ಉದ್ದ ದಾಟಿರುತ್ತೀರಿ.

ಶೀತಕ್ಕೆ ತಗೊಳ್ಳುವ ಮಾತ್ರೆ, ಕೆಮ್ಮಿನ ಸಿರಪ್, ನಿದ್ದೆ ಮಾತ್ರೆ ಮಂಪರು ತರುತ್ತವೆ, ರಾತ್ರಿಯದು ಬೆಳಗ್ಗೆಯವರೆಗೂ ಎಳೆಯಬಹುದು. ಇನ್ಸುಲಿನ್ ತಗೊಳ್ಳುವವರು ಊಟ ತಪ್ಪಿಸಿ ಸ್ಟೀರಿಂಗ್ ಹಿಡಿಯಬಾರದು.

ಸ್ಕೂಟರ್ ಓಡಿಸುವ ಹಿರಿಯರಿಗೆ ಈ ಎಲ್ಲವೂ ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ. ಸುತ್ತ ತಗಡೂ ಇಲ್ಲ, ಮೂಳೆಗೆ ಮೊದಲಿನ ಗಟ್ಟಿಯೂ ಇಲ್ಲ. ಒಂದೇ ಪೆಟ್ಟಿಗೆ 30ರವನು ಎದ್ದು ನಡೆಯುತ್ತಾನೆ, 75ರವರು ಆಸ್ಪತ್ರೆ ಸೇರುತ್ತಾರೆ. ಗೀರು ಬಿದ್ದ ಹೆಲ್ಮೆಟ್ ಗಾಜನ್ನು ಇವತ್ತೇ ಬದಲಾಯಿಸಿ.

8. ಡಿಎಲ್ ತಾರೀಖು ನೋಡಿ

ನಮ್ಮ ಕಾನೂನಿನಲ್ಲಿ ಸ್ವಂತ ಗಾಡಿ ಓಡಿಸಲು ಗರಿಷ್ಠ ವಯಸ್ಸು ಅಂತ ಇಲ್ಲ. 2019ರ ತಿದ್ದುಪಡಿಯ ನಂತರ 55 ತುಂಬಿದವರಿಗೆ ಒಂದು ಸಲಕ್ಕೆ ಐದು ವರ್ಷದ ಅವಧಿ ಸಿಗುತ್ತದೆ. ಅವಧಿ ಮುಗಿಯುವ ಒಂದು ವರ್ಷ ಮೊದಲಿಂದಲೇ ಸರ್ಕಾರದ ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. ಆ ಒಂದು ವರ್ಷ ಇರುವುದು ಅರ್ಜಿಗೆ, ಓಡಿಸುವುದಕ್ಕಲ್ಲ. 40 ದಾಟಿದವರು ಡಾಕ್ಟರ್ ಸಹಿಯ ಫಾರಂ 1ಎ ಕೊಡಬೇಕು.

ಈ ಫಾರಂ 1ಎ ಬಗ್ಗೆ ಒಂದು ಹೊಟ್ಟೆಯುರಿ. ಹೋದ ಸಲ ಅಪ್ಪನ ಫಾರಂಗೆ ಒಂದು ಕ್ಲಿನಿಕ್‌ನಲ್ಲಿ ಎರಡು ನಿಮಿಷದಲ್ಲಿ ಸಹಿ ಬಿತ್ತು. ಡಾಕ್ಟರು ಅಪ್ಪನ ಮುಖ ಕೂಡ ಸರಿಯಾಗಿ ನೋಡಲಿಲ್ಲ, ಕಣ್ಣಿನ ಮಾತು ಬಿಡಿ. ಆಗ ನಮಗೂ ಅದು ಅನುಕೂಲವೇ ಅನ್ನಿಸಿತ್ತು. ಇನ್ನು ಮುಂದೆ ಮೊದಲು ಕಣ್ಣಿನ ಡಾಕ್ಟರ್, ಆಮೇಲೆ ಫಾರಂ ಅಂತ ಮನೆಯಲ್ಲಿ ನಿಯಮ ಮಾಡಿಕೊಂಡಿದ್ದೇವೆ.

9. ನಿಲ್ಲಿಸುವ ದಿನಕ್ಕೆ ಈಗಲೇ ತಯಾರಿ

ಡ್ರೈವಿಂಗ್ ಬಿಟ್ಟ ಹಿರಿಯರಲ್ಲಿ ಖಿನ್ನತೆಯ ಲಕ್ಷಣ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ ಅಂತ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ 2016ರ ವಿಶ್ಲೇಷಣೆ ಹೇಳುತ್ತದೆ. ಕೀ ಕಿತ್ತುಕೊಂಡರೆ ಕಾರು ಮಾತ್ರ ಹೋಗುವುದಿಲ್ಲ. ತೋಟ, ಬೆಳಗಿನ ಕಾಫಿಗೆ ಸೇರುವ ಗೆಳೆಯರು, ಮದುವೆ ಮನೆ, ಎಲ್ಲದಕ್ಕೂ ಇನ್ನೊಬ್ಬರ ಬಿಡುವು ಕಾಯಬೇಕು.

ಹಾಗಾಗಿ ಮೊದಲು ಬದಲಿ ವ್ಯವಸ್ಥೆ, ಆಮೇಲೆ ಕೀ ಮಾತು. ಪಕ್ಕದ ಬೀದಿಯ ಒಬ್ಬ ಆಟೋದವರ ಜೊತೆ ವಾರಕ್ಕೆ ಎರಡು ದಿನ ಅಂತ ಮಾತಾಡಿಕೊಳ್ಳಿ. ಕಾರಿನ ಇನ್ಶೂರೆನ್ಸ್, ಸರ್ವೀಸು, ಟೈರು, ಪೆಟ್ರೋಲ್ ಒಂದು ಕಡೆ ಬರೆದು, ಆಟೋ ಖರ್ಚು ಇನ್ನೊಂದು ಕಡೆ ಬರೆದು ಕೂಡಿಸಿ ತೋರಿಸಿ. ಲೆಕ್ಕ ಇಟ್ಟು ಬದುಕಿದ ತಲೆಮಾರು ಅದು, ಉಪದೇಶಕ್ಕಿಂತ ಅಂಕಿಗೆ ಬಗ್ಗುತ್ತದೆ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ 60 ದಾಟಿದವರಿಗೆ ಶೇ 25 ರಿಯಾಯಿತಿ ಇದೆ. ಅಮ್ಮನಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಪೂರ್ತಿ ಉಚಿತ. ಅಮ್ಮ ಇದನ್ನು ಅಪ್ಪನಿಗೆ ಆಗಾಗ ನೆನಪಿಸುತ್ತಿರುತ್ತಾರೆ.

ಕಾರು ಬಿಟ್ಟವರು ನಡೆಯುತ್ತಾರೆ, ಬೆಳಗ್ಗೆ ಐದೂವರೆಗೆ ವಾಕಿಂಗ್ ಹೋಗುತ್ತಾರೆ. ಆಸ್ಟ್ರೇಲಿಯಾದ ಜೋಆನ್ ವುಡ್ ಮತ್ತು ಸಂಗಡಿಗರು ಪರೀಕ್ಷಾ ರಸ್ತೆಯಲ್ಲಿ ರಾತ್ರಿ ಕಾರು ಓಡಿಸಿ ನೋಡಿದರು. ಕಪ್ಪು ಬಟ್ಟೆ, ಲೋ ಬೀಮ್, ಎದುರು ಪ್ರಖರ ಬೆಳಕು ಇದ್ದಾಗ ಚಾಲಕರು ಗುರುತಿಸಿದ್ದು ಪಾದಚಾರಿಗಳಲ್ಲಿ ಶೇ 5 ಮಾತ್ರ. ಬೆಳಕು ಮಿಂಚಿಸುವ ಪಟ್ಟಿಯನ್ನು ಪಾದದ ಗಂಟು, ಮೊಣಕಾಲು, ಮಣಿಕಟ್ಟು ಹೀಗೆ ಅಲ್ಲಾಡುವ ಕೀಲುಗಳಿಗೆ ಕಟ್ಟಿದಾಗ ಮನುಷ್ಯ ನಡೆಯುತ್ತಿರುವುದು ಥಟ್ಟನೆ ತಿಳಿಯುತ್ತದೆ. ಎದೆ ಮೇಲಿನ ಪಟ್ಟಿ ಅಷ್ಟು ಕೆಲಸ ಮಾಡುವುದಿಲ್ಲ. ಸೈಕಲ್ ಅಂಗಡಿಯಲ್ಲಿ ಕಾಲಿಗೆ ಸುತ್ತುವ ಪಟ್ಟಿ ಸಿಗುತ್ತದೆ. ಒಂದು ಜೊತೆ ತಂದು ಚಪ್ಪಲಿ ಸ್ಟ್ಯಾಂಡಿನ ಪಕ್ಕ ಇಡಿ.

ಅಪ್ಪನಿಗೆ ಜನವರಿಯಲ್ಲಿ ಎರಡೂ ಕಣ್ಣಿನ ಪೊರೆ ತೆಗೆಸಿದೆವು. ಈಗ ತೋಟಕ್ಕೆ ಬೆಳಗ್ಗೆ ಹೋಗಿ ನಾಲ್ಕೂವರೆಗೆ ವಾಪಸ್. ರಾತ್ರಿ ಎಲ್ಲಿಗಾದರೂ ಹೋಗಬೇಕಾದರೆ ಆಟೋದ ಹುಡುಗನಿಗೆ ಅವರೇ ಫೋನ್ ಮಾಡುತ್ತಾರೆ. ಹೋದ ತಿಂಗಳು ಊರಿಗೆ ಹೋದಾಗ ಗೇಟಿನ ಎಡಗಂಬಕ್ಕೆ ಹಳದಿ, ಕಪ್ಪು ಪಟ್ಟೆ ಬಳಿದಿತ್ತು, ಮೈಲಿಗಲ್ಲಿನಷ್ಟು ಎದ್ದು ಕಾಣುತ್ತಿತ್ತು. ಯಾರು ಬಳಿದದ್ದು ಅಂತ ಕೇಳಿದೆ. "ಡಬ್ಬದಲ್ಲಿ ಪೇಂಟ್ ಮಿಕ್ಕಿತ್ತು" ಅಂದರು ಅಪ್ಪ, ಪೇಪರಿನಿಂದ ತಲೆ ಎತ್ತದೆ.